ಕಲ್ಲು ಬರೆದಿಟ್ಟ ಮಳೆ

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನು 578ರಲ್ಲಿ ಕೆತ್ತಿಸಿದ ಶಾಸನವಿದೆ. ಹುನಗುಂದದ ಸಮೀಪದ ಐಹೊಳೆಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಯಾವ ಅರಸನು ಯಾರನ್ನು ಗೆದ್ದನು, ಯಾವ ದೇವರಿಗೆ ಏನನ್ನು ಅರ್ಪಿಸಿದನು ಎಂಬುದನ್ನು ಇಂತಹ ಶಾಸನಗಳು ಹೇಳುತ್ತವೆ. ಆ ಅರಸರ ಕಾಲದಲ್ಲಿ ಎಷ್ಟು ಮಳೆ ಬಿದ್ದಿತು, ಯಾವ ವರ್ಷ ಜೋಳ ತೆನೆಗಟ್ಟದೆ ಒಣಗಿತು ಎಂದು ಕೇಳಿದರೆ ಮಾತ್ರ ಅವು ಮೌನ ತಾಳುತ್ತವೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರೂ ಮಳೆ ಬೀಳದ ಬಾಗಲಕೋಟೆಯ ಸೀಮೆಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮಹಾಕ್ಷಾಮವು ತಲೆದೋರಿತು. ಆಗ ಕಲಾದಗಿ ಜಿಲ್ಲೆಯೆಂದು ಕರೆಯುತ್ತಿದ್ದ ಈ ಪ್ರದೇಶವು ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ನೊಂದ ಭಾಗಗಳಲ್ಲೊಂದು. ಅದಕ್ಕೂ ಹಿಂದಿನದು ದುರ್ಗಾದೇವಿ ಬರ. ಅದು 1396ರಿಂದ 1407ರವರೆಗೆ, ಹನ್ನೆರಡು ವರ್ಷ, ದಖ್ಖನ್ನನ್ನು ಕಾಡಿತೆಂದು ಹೇಳುತ್ತಾರೆ. ನಮ್ಮ ಮಳೆಯಳತೆಯ ಪುಸ್ತಕಗಳಲ್ಲಿ ಅಷ್ಟು ದೀರ್ಘವಾದ ಬರ ಒಂದೂ ಇಲ್ಲ. ಹಾಗಾದರೆ ಅದು ಜನರ ಬಾಯಲ್ಲಿ ಬೆಳೆದ ಕತೆಯೇ?

ಇದಕ್ಕೆ ಉತ್ತರ ಕೊಡುವ ಶಾಸನಗಳು ಬೇರೊಂದು ಬಗೆಯ ಗುಹೆಗಳಲ್ಲಿವೆ. ಮಳೆಯ ನೀರು ಮಣ್ಣಿನಲ್ಲಿ ಇಂಗುವಾಗ ಅಲ್ಲಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲಗುಣ ಪಡೆಯುತ್ತದೆ. ಕೆಳಗಿನ ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಆ ಸುಣ್ಣವನ್ನು ಮತ್ತೆ ನೆಲದ ಮೇಲೆ ಬಿಟ್ಟುಹೋಗುತ್ತದೆ. ಹನಿಯ ಮೇಲೆ ಹನಿ ಬಿದ್ದು ಪದರದ ಮೇಲೆ ಪದರ ಕೂಡಿ ಕಂಬವೇಳುತ್ತದೆ. ಆಮ್ಲಜನಕದ ಪರಮಾಣುಗಳಲ್ಲಿ ಹಗುರಾದವೂ ಉಂಟು, ಭಾರವಾದವೂ ಉಂಟು. ನಮ್ಮ ಮುಂಗಾರು ಜೋರಾದಷ್ಟೂ ಮಳೆನೀರಿನಲ್ಲಿ ಭಾರವಾದವುಗಳ ಪಾಲು ಕಡಿಮೆಯಾಗುತ್ತದೆ. ಪ್ರತಿ ಪದರದಲ್ಲಿಯೂ ಆ ಪಾಲನ್ನು ಅಳೆದರೆ ಆಯಾ ಕಾಲದ ಮಳೆಯ ಏರಿಳಿತ ತಿಳಿಯುತ್ತದೆ. ಸಮುದ್ರದ ಹವಳವೂ ಇಂತಹದೇ ದಫ್ತರ. ಲಕ್ಷದ್ವೀಪದ ಹವಳಗಳಲ್ಲಿ ಅರಬ್ಬಿ ಸಮುದ್ರದ ಬಿಸುಪು ವರ್ಷವರ್ಷವೂ ದಾಖಲಾಗಿದೆ.

ಛತ್ತೀಸಗಢದ ದಂಡಕ ಗುಹೆಯ ಕಂಬವನ್ನು ಓದಿದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ವಿಷಯ ಗಮನಾರ್ಹವಾದುದು. 14 ಮತ್ತು 15ನೆಯ ಶತಮಾನಗಳಲ್ಲಿ ಮುಂಗಾರು ವರ್ಷಗಟ್ಟಲೆ ಸೊರಗಿತ್ತು. ಆ ಕಾಲದ ದೊಡ್ಡ ಕ್ಷಾಮಗಳು ಅಂತಹ ಅವಧಿಗಳಲ್ಲಿಯೇ ಬಂದಿದ್ದವು. ಹನ್ನೆರಡು ವರ್ಷದ ಬರವನ್ನು ಕಟ್ಟುಕತೆಯೆಂದು ತಳ್ಳಿಹಾಕಲು ಇನ್ನು ಯಾರಿಗೂ ಧೈರ್ಯ ಸಾಲದು.

ಹಳೆಯ ಮಳೆಯ ಗೋಜು ನಮಗೇಕೆ ಎಂದು ಕೇಳುವವರುಂಟು. ಕೃಷ್ಣೆಯ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಲಿಯ ಮುಂದಿದ್ದುದು 78 ವರ್ಷಗಳ ಹರಿವಿನ ಲೆಕ್ಕ. ಎರಡನೆಯ ನ್ಯಾಯಮಂಡಲಿ ಆಧರಿಸಿದ್ದು 47 ವರ್ಷಗಳದು. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಿದವು. ಇಷ್ಟು ಬೆಲೆ ತೆತ್ತು ನಿಲ್ಲಿಸಿದ ನೀರು ಮುಂದಿನ ನೂರು ವರ್ಷ ಬಂದೀತೇ ಎಂಬುದನ್ನು ಕಂಡವರಿಲ್ಲ. ವಾಯುಗುಣದ ಗಣಿತ ಮಾದರಿಗಳು ಅದನ್ನು ಊಹಿಸಲು ಯತ್ನಿಸುತ್ತವೆ. ಆದರೆ 150 ವರ್ಷಗಳ ಅಳತೆಯೊಂದರಲ್ಲಿಯೇ ಪಳಗಿದ ಮಾದರಿಯು ದುರ್ಗಾದೇವಿಯಂತಹ ಬರವನ್ನು ಊಹಿಸಬಲ್ಲುದೆಂದು ನಂಬುವುದು ಹೇಗೆ? ಕಳೆದುಹೋದ ಶತಮಾನಗಳ ಮಳೆಯನ್ನು ಅದರಿಂದ ಲೆಕ್ಕ ಹಾಕಿಸಿ, ಗುಹೆಯ ಕಲ್ಲು ಹೇಳುವುದರೊಂದಿಗೆ ತಾಳೆ ನೋಡಬೇಕು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಂತೂ ಈ ಪರೀಕ್ಷೆ ಇಲ್ಲದ ಮಾದರಿಯನ್ನು ನೆಚ್ಚಿ ಕಾಲುವೆ ತೋಡಬಾರದು.

ಬಾದಾಮಿಯದು ಮರಳುಗಲ್ಲು, ಇಳಕಲ್ಲಿನದು ಗ್ರಾನೈಟು; ಇವುಗಳಲ್ಲಿ ಸುಣ್ಣದ ಕಂಬ ಬೆಳೆಯದು. ಬಾಗಲಕೋಟೆಯ ಸುತ್ತ ಸುಣ್ಣಕಲ್ಲೇನೋ ಇದೆ, ಅದು ಸಿಮೆಂಟಿಗೆ ಹೋಗುತ್ತಿದೆ. ಆದ್ದರಿಂದ ನಾವು ನೆರೆಯವರ ಗುಹೆಗಳನ್ನೇ ಅವಲಂಬಿಸಬೇಕು. ಉತ್ತರ ಕನ್ನಡದ ಆಕಳಗವಿಯ ಕಂಬವೊಂದರಿಂದ ಅಹಮದಾಬಾದಿನ ಭೌತ ಸಂಶೋಧನಾಲಯದ ವಿಜ್ಞಾನಿಗಳು 331 ವರ್ಷಗಳ ಮಳೆಯ ಕತೆಯನ್ನು ಓದಿ 2004ರಲ್ಲಿ ಪ್ರಕಟಿಸಿದರು. ಘಟ್ಟದ ಮಳೆಯೇ ಎರೆಸೀಮೆಯ ಮಳೆಯಲ್ಲ, ನಿಜ. ಒಂದು ಕಂಬದ ಸಾಕ್ಷಿ ಸಾಲದು, ಹತ್ತಾರು ಬೇಕು. ಅವು ಉಳಿದಿದ್ದರೆ ತಾನೇ ಓದುವುದು! ಇಂತಹ ಕಂಬಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲ. ದಾಂಡೇಲಿಯ ಕವಳಾ ಗುಹೆಯ ಕಂಬವನ್ನು ಜನರು ಲಿಂಗವೆಂದು ಪೂಜಿಸುತ್ತಾರೆ. ಆ ಭಕ್ತಿಯೇ ಅದಕ್ಕೆ ಕಾವಲು. ಪೂಜೆಯಿಲ್ಲದ ಕಂಬಗಳ ತುದಿಯನ್ನು ನೆನಪಿಗೆಂದು ಮುರಿದೊಯ್ಯುವ ಪ್ರವಾಸಿಗನ ಜೇಬಿಗೆ ಸೇರುವುದು ಹತ್ತಾರು ಮುಂಗಾರುಗಳ ಲೆಕ್ಕ.