ಅಟ್ಟದ ಸೈಕಲ್ಲಿನ ಟೈರು

ಅಡಿಕೆ ಸುಲಿಯೋ ಹೊತ್ತಲ್ಲಿ ಫೋನ್ ಬಂದ್ರೆ ನಾನು ಎತ್ತದಿಲ್ಲ. ಮೆಟ್ಟುಗತ್ತಿ ಎದುರು ಕೂತು ಕೈಯೆಲ್ಲ ಕಪ್ಪಾಗಿರ್ತದೆ, ಮುಟ್ಟಿದ್ರೆ ಫೋನೂ ಹಾಗೇ ಆಗ್ತದೆ. ಆದ್ರೆ ಅವತ್ತು ಅಣ್ಣನ ಮಗಳ ಹೆಸರು ಕಂಡ್ತು ಅಂತ ಸೆರಗಿಗೆ ಕೈ ಒರಸಿ ಎತ್ತಿದೆ.

"ಅತ್ತೆ, ನೀ ಒಬ್ಳೇ ಇದ್ಯಾ? ಅಪ್ಪಂಗೆ ಹೇಳ್ಬೇಡ" ಅಂತ ಶುರು ಮಾಡ್ತು ಕೂಸು.

ಹೆಣ್ಣುಮಕ್ಕಳು ಹೀಗೆ ಮಾತು ಶುರು ಮಾಡಿದ್ರೆ ಎದೆ ಧಸಕ್ ಅನ್ನದು ನಿಮಗೆಲ್ಲ ಗೊತ್ತೇ ಇದೆ. ಏನೇನೋ ಯೋಚನೆ ಬಂತು. ಕೊನೆಗೆ ನೋಡಿದ್ರೆ ಸೈಕಲ್ ಟೈರ್ ಹರಿದದ್ದು.

ಈ ಸೈಕಲ್ ಸವಾರಿ ಕಥೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಗೊತ್ತಿಲ್ದೇ ಇದ್ದೋರಿಗೆ ಹೇಳ್ತೀನಿ. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಕೂಸು, ಆಫೀಸಿನ ಇಬ್ಬರು ಗೆಳತಿಯರ ಜೊತೆ ಬೀದರಿಂದ ಸೈಕಲ್ ಹತ್ತಿತ್ತು. ಕಲಬುರಗಿ, ಲಿಂಗಸೂಗೂರು, ಹೊಸಪೇಟೆ, ದಾವಣಗೆರೆ, ಶಿವಮೊಗ್ಗ, ಅಲ್ಲಿಂದ ಎನ್.ಆರ್.ಪುರ, ಕೊಪ್ಪ, ಕೊನೆಗೆ ಶೃಂಗೇರಿ, ಅಣ್ಣನ ಮನೆ. ಹತ್ತಿರ ಹತ್ತಿರ 700 ಕಿಲೋಮೀಟರ್, ಒಂಬತ್ತು ದಿನ. ಗೆಳತಿಯರು ಶಿವಮೊಗ್ಗದಲ್ಲಿ ರೈಲು ಹತ್ತಿದ್ರು. ಒಬ್ಬಳ ಬ್ಯಾಗಲ್ಲಿದ್ದ ಸ್ಪೇರ್ ಟೈರೂ ಅವಳ ಜೊತೆಗೇ ರೈಲು ಹತ್ತಿತು! ಕೊನೇ ದಿನದ ನೂರು ಕಿಲೋಮೀಟರ್ ನಮ್ಮ ಕೂಸು ಒಂದೇ.

ಅಣ್ಣ ಮೊದಲೇ ಒಂದು ಷರತ್ತು ಹಾಕಿದ್ದ. "ಹೋಗು, ಬ್ಯಾಡ ಅನ್ನಲ್ಲ. ಆದ್ರೆ ಪಿಕಪ್ ತಗೊಂಡು ಬಾ ಅಂತ ಒಂದು ಸರ್ತಿ ಫೋನ್ ಬಂತೋ, ಇನ್ನು ಈ ಸವಾರಿ ಎಲ್ಲ ಬಂದ್." ಹಾಗಂದ. ಮುಂದಿನ ವರ್ಷ ಇನ್ನೂ ದೂರ ಹೋಗೋ ಯೋಚನೆ ಕೂಸಿನ ತಲೇಲಿ ಇದೆ. ಅದಕ್ಕೇ ಫೋನ್ ಅಪ್ಪನಿಗೆ ಹೋಗ್ಲಿಲ್ಲ, ಅತ್ತೆಗೆ ಬಂತು.

ಎನ್.ಆರ್.ಪುರ ದಾಟಿ ಕೊಪ್ಪದ ಕಡೆಗೆ ಏಳೆಂಟು ಕಿಲೋಮೀಟರ್ ಬಂದಾಗ ಎದುರಿಂದ ಬಸ್ಸು ಬಂತಂತೆ. ಡಾಂಬರು ಬಿಟ್ಟು ಅಂಚಿಗೆ ಇಳಿದಾಗ ಚೂಪು ಕಲ್ಲು ತಾಗಿ ಹಿಂದಿನ ಟೈರಿನ ಪಕ್ಕ ಒಂದಿಂಚು ಸೀಳಿ ಹೋಗಿದೆ. ಟ್ಯೂಬೂ ಹೋಗಿದೆ. ಹೆಚ್ಚಿಗೆ ತಂದಿದ್ದ ಎರಡು ಟ್ಯೂಬ್ ಮೊದಲೇ ಖರ್ಚು, ಕಲಬುರಗಿ ದಾಟಿದ ಮೇಲೆ ಜಾಲಿ ಮುಳ್ಳಿಗೆ ಒಂದು, ಹೊಸಪೇಟೆ ಹತ್ರ ಇನ್ನೊಂದು. ಪ್ಯಾಚ್ ಇದೆ, ಪಂಪ್ ಇದೆ. ಪ್ಯಾಚ್ ಅಂಟಿಸೋ ಸಲ್ಯೂಷನ್ ಟ್ಯೂಬ್ ಮಾತ್ರ ಒಣಗಿ ಕೂತಿದೆ. ಅದು ಒಂದು ಸಲ ಬಾಯಿ ತೆರೆದ ಮೇಲೆ ಎಷ್ಟು ಬಿಗಿ ಮುಚ್ಚಿದ್ರೂ ಕೆಲವು ದಿನಕ್ಕೆ ಒಣಗ್ತದಂತೆ.

"ನಾನು ನಿನ್ನ ಮಾವನ್ನ ಕಳಿಸ್ತೀನಿ, ಜೀಪಲ್ಲಿ ಹಾಕ್ಕಂಡು ಬರ್ಲಿ" ಅಂದೆ.

"ಬೇಡ ಅತ್ತೆ. ನಂಗೆ ಎರಡೇ ವಸ್ತು ಬೇಕು. ಸ್ವಲ್ಪ ಸಲ್ಯೂಷನ್, ಹಳೇ ಸೈಕಲ್ ಟೈರಿನ ಒಂದು ತುಂಡು."

ನಿಜ ಹೇಳ್ತೀನಿ, ಆಗ ನಂಗೆ ಸಿಟ್ಟೇ ಬಂತು. ಎಂತ ಹಟ ಮಾರಾಯ್ತಿ ಇದು! ಆನೆ ಓಡಾಡೋ ದಾರಿ, ಹಳ್ಳಕ್ಕಿಳಿದ್ರೆ ಫೋನಿಗೆ ಸಿಗ್ನಲ್ ಇಲ್ಲ, ಇವಳಿಗೆ ಟೈರಿನ ತುಂಡು ಬೇಕಂತೆ. ಆದ್ರೆ ಹೊತ್ತು ಇನ್ನೂ ಹನ್ನೆರಡೂ ಆಗಿರಲಿಲ್ಲ. ಬಿಸಿಲು ಇತ್ತು. ಹತ್ರದಲ್ಲೇ ಒಂದು ಮನೆ ಇದೆ, ಅವರ ಜಗಲೀಲಿ ಕೂತಿದೀನಿ ಅಂದಳು. ನಮ್ಮನೆಯವರೂ ಸೊಸೈಟಿಗೆ ಹೋಗಿದ್ರು, ಜೀಪೂ ಇರಲಿಲ್ಲ ಅನ್ನಿ.

ಅಟ್ಟ ಹತ್ತಿದೆ. ನನ್ನ ಮಗಳಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರದಿಂದ ಬಂದಿದ್ದ ಸೈಕಲ್ ಅಲ್ಲೇ ತಲೆಕೆಳಗಾಗಿ ಇತ್ತು, ಮೇಲೆ ಹಳೇ ಕಂಬಳಿ, ಒಡೆದ ಬುಟ್ಟಿ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾದ ಯೋಜನೆ ಅದು, ನೆನಪಿರಬೇಕು ನಿಮಗೆ. ಕೊರೊನಾ ಬಂದಾಗ ನಿಂತು ಹೋಯ್ತು. ನನ್ನ ಮಗಳದ್ದು ಒಂದೂವರೆ ವರ್ಷ ಓಡಿತ್ತೇನೋ. ಒಂದಿನ ಪಂಕ್ಚರ್ ಆಯ್ತು, ಅವಳ ಅಪ್ಪ ಪೇಟೆಗೆ ಹೋದಾಗ ಹಾಕಿಸ್ತೀನಿ ಅಂದ್ರು, ಕೊಯ್ಲು ಬಂತು, ಮಳೆಗಾಲ ಬಂತು, ಸೈಕಲ್ ಅಟ್ಟಕ್ಕೆ ಹೋಯ್ತು. ಅವಳು ಮತ್ತೆ ಬಸ್ಸಿಗೆ ನಡೆಯಕ್ಕೆ ಶುರು ಮಾಡಿದ್ಲು. ನಮ್ಮ ಕೇರೀಲೇ ಹೀಗೆ ಅಟ್ಟ ಸೇರಿದ ಸೈಕಲ್ ನಾಲ್ಕಿದೆ, ಎಣಿಸಿದೀನಿ.

ಟೈರು ಪೂರ್ತಿ ಬಿಚ್ಚಿ ತಗೊಂಡು ಹೋದ್ರೆ ಅದನ್ನೇ ಹಾಕ್ಬಹುದಲ್ಲ ಅಂತ ನಂಗೆ ಅನ್ಸಿತ್ತು. ಫೋನಲ್ಲಿ ಕೇಳಿದೆ. ಟೈರಿನ ಪಕ್ಕದಲ್ಲಿ ಸಣ್ಣಕ್ಕೆ ಬರೆದ ನಂಬರ್ ಓದು ಅಂದಳು. ಕನ್ನಡಕ ಹಾಕಿ ಓದಿದೆ, ಕೊನೇಲಿ 590 ಅಂತಿತ್ತು. ಅವಳದ್ದು 622. ಅದು ರಿಮ್ಮಿನ ಮೇಲೆ ಟೈರು ಕೂರೋ ಜಾಗದ ಅಡ್ಡಳತೆ, ಮಿಲಿಮೀಟರಲ್ಲಿ. ನಮ್ಮ ಅಪ್ಪಯ್ಯ ಓಡಿಸ್ತಿದ್ದ ಗಂಡಸರ ದೊಡ್ಡ ಸೈಕಲ್ 28 ಇಂಚಿನದ್ದು, ಅದು 635. ಅವಳ ಸೈಕಲ್ಲಿಗೂ ಕೆಲವರು 28 ಇಂಚು ಅಂತಾರಂತೆ, ಆದ್ರೆ ಒಂದರದ್ದು ಇನ್ನೊಂದಕ್ಕೆ ಕೂರದಿಲ್ಲ. ಹದಿಮೂರು ಮಿಲಿಮೀಟರ್ ವ್ಯತ್ಯಾಸ. ಅಂಗಡಿಯವರು ಇಂಚು ಹೇಳಿ ಟೈರ್ ಕೊಟ್ರೆ ಮೋಸ ಹೋಗೋದು ಇಲ್ಲೇ. ಪಾತ್ರೆ ಅಂಗಡೀಲಿ ಮುಚ್ಚಳ ತರೋವಾಗ ನಾವು ಪಾತ್ರೇನೇ ತಗೊಂಡು ಹೋಗದಿಲ್ವಾ, ಹಾಗೆ.

ಸರಿ, ತುಂಡೇ ಸೈ ಅಂತ ಕತ್ತಿ ಹಾಕಿದೆ. ಟೈರಿನ ಎರಡೂ ಅಂಚಲ್ಲಿ ಉಕ್ಕಿನ ತಂತಿ ಇರ್ತದೆ, ಅದಕ್ಕೆ ತಗುಲಿ ನನ್ನ ಕತ್ತಿ ಬಾಯಿ ಹೋಯ್ತು. ಮಧ್ಯದ ರಬ್ಬರು ಮಾತ್ರ ಗೇಣುದ್ದ ಕೊಯ್ದುಕೊಂಡೆ. ಮೊಸರನ್ನ ಕಲಸಿ ಡಬ್ಬಿಗೆ ಹಾಕಿ, ಎರಡು ಅಪ್ಪೆಮಿಡಿ ಇಟ್ಟು, ಸ್ಕೂಟಿ ತಗೊಂಡು ಹೊರಟೆ. ಕೊಪ್ಪದಲ್ಲಿ ಪಂಕ್ಚರ್ ಅಂಗಡೀಲಿ ಸಲ್ಯೂಷನ್ ಕೇಳಿದ್ರೆ, ಆ ಹುಡುಗ "ನಿಮ್ಮ ಗಾಡಿ ಟ್ಯೂಬ್‌ಲೆಸ್ ಅಲ್ವಾ ಅಮ್ಮ, ನಿಮಗೆ ಎಂತಕ್ಕೆ?" ಅಂತ ನಕ್ಕ. ಈಗ ಬೈಕು, ಕಾರು ಎಲ್ಲ ಟ್ಯೂಬ್‌ಲೆಸ್. ಟ್ಯೂಬಿಗೆ ಪ್ಯಾಚ್ ಹಾಕೋರೇ ಕಡಿಮೆ. ಟ್ರ್ಯಾಕ್ಟರಿನ ಟ್ಯೂಬಿಗೆ ಅಂತ ಇಟ್ಟಿದ್ದ ಡಬ್ಬಿಯಿಂದ ಸಣ್ಣ ಬಾಟ್ಲಿಗೆ ಹಾಕಿ ಕೊಟ್ಟ, ದುಡ್ಡೂ ತಗೊಳ್ಳಲಿಲ್ಲ.

ಹೋಗಿ ನೋಡ್ತೀನಿ, ಕೂಸು ಚಕ್ರ ಬಿಚ್ಚಿ, ಆ ಮನೆಯವರ ಬಕೆಟ್ಟಿನ ನೀರಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಬರೋ ಜಾಗಕ್ಕೆ ಗುರುತು ಹಾಕಿ ಇಟ್ಟಿತ್ತು. ಮುಖ ಮಾತ್ರ ಬಾಡಿ ಹೋಗಿತ್ತು. ಟೈರಿನ ಸೀಳು ತೋರಿಸ್ತು. ಕೊಟ್ಟೆ ಕಡುಬಿನ ಎಲೆ ಹರಿದು ಹಿಟ್ಟು ಹೊರಗೆ ಉಬ್ಬದನ್ನ ನೋಡಿದೀರಲ್ಲ? ಗಾಳಿ ಹಾಕಿದ್ರೆ ಟ್ಯೂಬ್ ಹಾಗೇ ಸೀಳಿಂದ ಹೊರಗೆ ಬಂದು ಸಿಡೀತದೆ. ಅದಕ್ಕೇ ಒಳಗಿಂದ ಒಂದು ಗಟ್ಟಿ ತೇಪೆ ಬೇಕು. ನಾನು ತಂದ ತುಂಡಿನಲ್ಲಿ ಮೂರು ನಾಲ್ಕು ಇಂಚು ಕತ್ತರಿಸಿ, ಅಂಚನ್ನ ತೆಳ್ಳಗೆ ಕೆರೆದು, ಟೈರಿಗೂ ಟ್ಯೂಬಿಗೂ ಮಧ್ಯೆ ಇಡದು. ಅಂಚು ದಪ್ಪ ಬಿಟ್ರೆ ಅದೇ ಟ್ಯೂಬನ್ನ ಉಜ್ಜಿ ಉಜ್ಜಿ ಇನ್ನೊಂದು ತೂತು ಮಾಡ್ತದೆ. ಏನೂ ಸಿಗದಿದ್ರೆ ಹಳೇ ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿ ಇಡ್ತಾರೆ, ನೋಟು ಮಡಚಿ ಇಡೋರೂ ಇದಾರಂತೆ.

ಪ್ಯಾಚ್ ಹಾಕೋದೂ ನೋಡಿದೆ. ಟ್ಯೂಬನ್ನ ಒರಟು ಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಕಾಯಬೇಕು. ನಾನು "ಅಂಟಿಸು, ಒಣಗ್ತದೆ" ಅಂದ್ರೆ, "ಒಣಗಿದ ಮೇಲೇ ಅಂಟಿಸೋದು ಅತ್ತೆ, ಹಸಿ ಇದ್ದಾಗ ಅಂಟಿಸಿದ್ರೆ ಎದ್ದು ಬರ್ತದೆ" ಅಂತು. ಅಂಟಿಸೋ ಮೊದಲು ಟೈರಿನ ಒಳಗೆ ಸುತ್ತ ನಿಧಾನ ಬೆರಳು ಆಡಿಸ್ತು, ಮುಳ್ಳೋ ತಂತಿಯೋ ಉಳಿದಿದ್ರೆ ಹೊಸ ಪ್ಯಾಚಿನ ಪಕ್ಕವೇ ಮತ್ತೆ ತೂತು. ಪೂರ್ತಿ ಬಿಗಿ ಗಾಳಿ ಹಾಕಲಿಲ್ಲ. ಚೆನ್ನಾಗಿರೋ ಮುಂದಿನ ಟೈರನ್ನ ಹಿಂದಕ್ಕೆ ಹಾಕು, ಭಾರ ಹಿಂದೆ ತಾನೇ ಇರದು ಅಂತ ನಾನು ಬುದ್ಧಿ ಹೇಳಿದೆ. ಅದಕ್ಕೂ ಉತ್ತರ ಇತ್ತು: ಹಿಂದಿನದು ಸಿಡಿದ್ರೆ ಹೇಗೋ ತಡೆದು ನಿಲ್ಲಿಸಬಹುದು, ಮುಂದಿನದು ಸಿಡಿದ್ರೆ ಬಿದ್ದ ಹಾಗೇ ಲೆಕ್ಕ. ಸುಮ್ಮನಾದೆ. ಮೊಸರನ್ನ ಮಾತ್ರ ಡಬ್ಬಿ ತಳ ಕಾಣೋವರೆಗೆ ತಿಂತು.

ನಾನು ಸ್ಕೂಟೀಲಿ ಹಿಂದೆ ಬರ್ತೀನಿ ಅಂದ್ರೆ "ಪೊಲೀಸ್ ಬಂದ ಹಾಗಾಗ್ತದೆ, ನೀ ಮುಂದೆ ಹೋಗು" ಅಂದಿತು. ಮುಂದೆ ಬಂದೆ, ಎರಡು ತಿರುವಿಗೊಂದು ಸಲ ನಿಂತು ನೋಡ್ತಾ. ಸಂಜೆ ನಾಲ್ಕೂವರೆಗೆ ನಮ್ಮ ಅಂಗಳಕ್ಕೆ ಬಂತು. ತೇಪೆ ಸ್ವಲ್ಪ ಜರುಗಿತ್ತು. ಶೃಂಗೇರಿಗೆ ಇನ್ನೂ ಮೂವತ್ತು ಕಿಲೋಮೀಟರ್ ಹತ್ತಿರ, ಕತ್ತಲಾಗ್ತದೆ, ಇವತ್ತು ಇಲ್ಲೇ ಅಂತ ನಾನು ಹೇಳಿದ್ದಕ್ಕೆ ಎದುರು ಮಾತಾಡಲಿಲ್ಲ. ಅಣ್ಣನಿಗೆ ಫೋನ್ ಮಾಡಿ "ಕೂಸು ನಮ್ಮಲ್ಲಿ ಉಳ್ಕೊಂಡಿದೆ, ನಾಳೆ ಬರ್ತದೆ" ಅಂದೆ. ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ.

ಈಗ ನನ್ನ ಅಭಿಪ್ರಾಯ. ಕೆಲವರಿಗೆ ಹಿಡಿಸದೇ ಇರಬಹುದು.

ಮೊದಲು ಕೂಸಿನ ತಪ್ಪು. ಶಿವಮೊಗ್ಗದಲ್ಲಿ ಸೈಕಲ್ ಅಂಗಡಿಯವರು ಹಿಂದಿನ ಟೈರಿನ ನೂಲು ಕಾಣ್ತಿದೆ, ಬದಲಿಸಿ ಅಂತ ಹೇಳಿದ್ರಂತೆ. ಇನ್ನು ನೂರೇ ಕಿಲೋಮೀಟರ್ ಅಲ್ವಾ ಅಂತ ಬಿಟ್ಟು ಬಂದಿದೆ. ಹಿಂದಿನ ಟೈರು ಮುಂದಿನದಕ್ಕಿಂತ ಬೇಗ ಸವೀತದೆ, ಮೈಭಾರ, ಬ್ಯಾಗು, ತುಳಿಯೋ ಬಲ ಎಲ್ಲ ಅದರ ಮೇಲೇ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಮನೆ ಹತ್ರ ಬಂತು ಅನ್ನೋ ಆಸೆಯೇ ಮೋಸ ಮಾಡದು. ಇದನ್ನ ಧೈರ್ಯ ಅನ್ನಕ್ಕೆ ನಾನು ತಯಾರಿಲ್ಲ. ಇಲ್ಲಿ ನಾನು ಅಣ್ಣನ ಪಕ್ಷ, ಅವಳ ಮುಖಕ್ಕೇ ಹೇಳಿದೀನಿ.

ಆದ್ರೆ ಅಣ್ಣನ ಷರತ್ತಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿದೆ. ಒಂದು ಫೋನ್ ಮಾಡಿದ್ರೆ ಎಲ್ಲ ಬಂದ್ ಅಂದ್ರೆ ಎಂತ ಆಗ್ತದೆ? ಫೋನ್ ಮಾಡದಿಲ್ಲ, ಅಷ್ಟೆ. ಈ ಸಲ ಹಗಲು ಇತ್ತು, ಯಾರದೋ ಜಗಲಿ ಸಿಕ್ಕಿತು, ಅತ್ತೆ ಅಂತ ಒಬ್ಬಳು ದಾರೀಲಿ ಇದ್ಲು. ಮುಂದಿನ ಸಲ ಸಂಜೆ ಆರಕ್ಕೆ ಕಾಡಿನ ಮಧ್ಯೆ ಹೀಗಾದ್ರೆ? ಸೋತೆ ಅಂತ ಒಪ್ಕೊಳ್ಳಕ್ಕೆ ನಾಚಿಕೆಯಾಗಿ ಅಲ್ಲೇ ಕೂರ್ತಾಳೆ. ಷರತ್ತು ಹಾಕೋದಿದ್ರೆ ಹೊತ್ತಿನ ಮೇಲೆ ಹಾಕಲಿ. ನಾಲ್ಕು ಗಂಟೆಗೆ ಚಕ್ರ ತಿರುಗದಿದ್ರೆ ಫೋನ್ ಮಾಡಲೇಬೇಕು, ಮಾಡಿದ್ದಕ್ಕೆ ಯಾರೂ ಹಂಗಿಸಬಾರದು. ಆಗ ಕೂಸೂ ಹೇಳ್ತದೆ, ನಾವೂ ನಿದ್ದೆ ಮಾಡ್ತೀವಿ. ಬರೀ ಸೈಕಲ್ಲಿಗಲ್ಲ ನಾನು ಹೇಳದು. ಹೊರಗೆ ಓದಕ್ಕೆ, ಕೆಲಸಕ್ಕೆ ಕಳಿಸೋವಾಗ ನಮ್ಮ ಮನೆಗಳಲ್ಲಿ ಇದೇ ಮಾತು, "ತೊಂದ್ರೆ ಆಯ್ತು ಅಂತ ಗೊತ್ತಾದ್ರೆ ವಾಪಸ್ ಕರ್ಕೊಂಡು ಬರ್ತೀವಿ." ಅವರು ಎಷ್ಟು ತೊಂದ್ರೆ ನುಂಗ್ಕೊಂಡು ಕೂತಿದಾರೋ ಯಾರಿಗೆ ಗೊತ್ತು.

ಇನ್ನೊಂದು ನನ್ನ ಮೇಲೇ ಬರ್ತದೆ. ನನ್ನ ಮಗಳ ಸೈಕಲ್ ಒಂದು ಪಂಕ್ಚರಿಗೆ ಅಟ್ಟ ಸೇರ್ತಲ್ಲ, ಆ ಪಂಕ್ಚರ್ ಹಾಕಕ್ಕೆ ಬೇಕಾಗಿದ್ದು ಅರ್ಧ ಗಂಟೆ. ಬಕೆಟ್ ನೀರು, ಸಲ್ಯೂಷನ್, ಒಂದು ಪ್ಯಾಚ್, ಪಂಪ್. ಹಪ್ಪಳದ ಹಿಟ್ಟಿನ ಹದ ನೋಡೋ ನಮಗೆ ಅದು ಕಷ್ಟದ ಕೆಲಸವಾ? ಗಾಳಿ ತುಂಬಿದ ಟೈರು ಬಳಕೆಗೆ ತಂದೋನು ಡನ್‌ಲಪ್ ಅನ್ನೋ ದನದ ಡಾಕ್ಟ್ರು, 1888ರಲ್ಲಿ, ಮಗನ ಮೂರು ಚಕ್ರದ ಸೈಕಲ್ ಕುಲುಕ್ತದೆ ಅಂತ. ಮನೆಯೊಳಗಿನ ತೊಂದರೆಗೆ ಹುಟ್ಟಿದ್ದೇ ಅದು. ತಮಿಳುನಾಡಿನ ಪುದುಕೋಟೆ ಜಿಲ್ಲೇಲಿ 1990ರ ದಶಕದ ಶುರುವಲ್ಲಿ ಅಕ್ಷರ ಕಲಿಸೋ ಆಂದೋಲನದ ಜೊತೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು, ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅದಕ್ಕೆ ಒತ್ತಾಸೆ ಕೊಟ್ಟಿದ್ರು. ಕೂಲಿ ಹೆಂಗಸರು ನೀರಿನ ಕೊಡ ಕಟ್ಟಿಕೊಂಡು ಸೈಕಲ್ ಹೊಡೆದ್ರು. ನಾವು ಪಿಯುಸಿ ಓದಿದೋರು, ಮಕ್ಕಳಿಗೆ ಪುಕ್ಕಟೆ ಬಂದ ಸೈಕಲ್ಲಿಗೆ ಗಾಳಿ ಹಾಕೋದೂ ಗಂಡಸರ ಕೆಲಸ ಅಂತ ಅಟ್ಟಕ್ಕೆ ಹಾಕಿದ್ವಿ. ನಾನಂತೂ ಹಾಕಿದೆ.

ಮಾರನೇ ದಿನ ಬೆಳಿಗ್ಗೆ ತೇಪೆಯನ್ನ ಸಲ್ಯೂಷನ್ ಹಚ್ಚಿ ಕೂರಿಸಿ, ಕಡುಬು ತಿಂದು, ಎಂಟು ಗಂಟೆಗೆ ಹೊರಟಿತು. ಹರಿಹರಪುರದಲ್ಲಿ ತುಂಗೆ ಹತ್ರ ನಿಂತು ಫೋಟೋ ಕಳಿಸ್ತು. ಹನ್ನೊಂದರೊಳಗೆ ಶೃಂಗೇರಿ. ಅತ್ತಿಗೆ ಹೇಳಿದ್ದು, ಅಣ್ಣ ಅಂಗಳದಲ್ಲಿ ಬಗ್ಗಿ ಆ ಸೀಳಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಇದ್ರಲ್ಲಿ ಬಂದ್ಯಾ?" ಅಂದನಂತೆ. ಬೈದನೋ ಮೆಚ್ಚಿದನೋ ಅವಳಿಗೂ ಗೊತ್ತಾಗಲಿಲ್ಲವಂತೆ. ಷರತ್ತಿನ ಮಾತು ಇನ್ನೂ ಯಾರೂ ಎತ್ತಿಲ್ಲ.

ಅತ್ತಿಗೆ ಇದನ್ನ ಓದ್ತಾಳೆ, ಓದಿ ಅಣ್ಣನಿಗೆ ಹೇಳೇ ಹೇಳ್ತಾಳೆ. ಹೇಳಲಿ. ಅಟ್ಟದ ಸೈಕಲ್ ಕೆಳಗಿಳಿಸಿ ಕೊಟ್ಟಿಗೆ ಪಕ್ಕ ಒರಗಿಸಿದೀನಿ. ಹಿಂದಿನ ಚಕ್ರಕ್ಕೆ ಟೈರಿಲ್ಲ, 590 ಅಂತ ಚೀಟಿ ಬರೆದು ಪರ್ಸಲ್ಲಿ ಇಟ್ಕೊಂಡಿದೀನಿ. ಪಕ್ಕದ ಮನೆ ಎಂಟನೇ ಕ್ಲಾಸಿನ ಹುಡುಗಿ ದಿನಾ ಬಂದು ಅದರ ಬೆಲ್ ಹೊಡೆದು ಹೋಗ್ತಿದೆ. ನಿಮ್ಮಲ್ಲಿ ಯಾರ ಅಟ್ಟದಲ್ಲಾದ್ರೂ ಪಂಪ್ ಇದ್ರೆ ಹೇಳಿ, ನನ್ನ ಹತ್ರ ಇನ್ನೂ ಅದೊಂದಿಲ್ಲ.