ವಹಿವಾಟಿನ ತಕ್ಕಡಿಯಲ್ಲಿ ಮನೆಯಡುಗೆ

ಮನೆಯಲ್ಲಿ ತಯಾರಿಸಿದ ತಿನಿಸನ್ನು ಮಾರುವವರ ಮೇಲೆ ಕಾನೂನು ಎಷ್ಟು ಕಣ್ಣಿಡಬೇಕು ಎಂಬ ಪ್ರಶ್ನೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಕೊಡುವ ಉತ್ತರ ಮೇಲ್ನೋಟಕ್ಕೆ ಉದಾರವಾದುದು. ಈ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನವರನ್ನು ಕಿರು ಉದ್ಯಮಿಗಳೆಂದು ಗುರುತಿಸಿ, ಅವರಿಗೆ ಪರವಾನಗಿಯ ಬದಲು ನೋಂದಣಿಯನ್ನು, ಎಂದರೆ ವರ್ಷಕ್ಕೆ 100 ರೂಪಾಯಿ ಕಟ್ಟಿ ಹೆಸರು ದಾಖಲಿಸಿಕೊಳ್ಳುವುದನ್ನು ಮಾತ್ರ ವಿಧಿಸಿದವು. ಅರ್ಜಿಗೆ 7 ದಿನಗಳಲ್ಲಿ ಉತ್ತರ ಬಾರದಿದ್ದರೆ ವ್ಯಾಪಾರ ಆರಂಭಿಸಲೂ ಅವಕಾಶವಿತ್ತವು.

ದೋಷವಿರುವುದು ಶುಲ್ಕದಲ್ಲಲ್ಲ, ಅಳೆಯುವ ಮಾನದಲ್ಲಿ. ಶಿವಮೊಗ್ಗದಲ್ಲಿ ಮಾರಾಟವಾಗುವ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿಯನ್ನೇ ನೋಡಿದರೆ, ಅದನ್ನು ಕಾಯುವುದು ಉಪ್ಪು ಮತ್ತು ಹುಳಿ: ಹುಳಿಯನ್ನಳೆಯುವ ಪಿ.ಎಚ್. ಮಾನ (ಇದು ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದಲ್ಲಿ, ಮುಚ್ಚಿದ ಬಾಟಲಿಯೊಳಗೆ ಮಾರಕ ವಿಷ ಉತ್ಪಾದಿಸುವ ಬಾಟ್ಯುಲಿನಮ್ ಎಂಬ ಸೂಕ್ಷ್ಮಾಣು ಬೆಳೆಯಲಾರದು. ಬೇಸಿಗೆಯ ಬಿಸಿಲಲ್ಲಿ ಒಣಗಿದ ಹಲಸಿನ ಹಪ್ಪಳಕ್ಕೆ ತೇವವಿಲ್ಲದಿರುವುದೇ ರಕ್ಷೆ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟು ಸಡಿಲವಾದರೆ ಬೂಷ್ಟು ಹಿಡಿಯುತ್ತದೆ, ಆದರೆ ಅದು ಕಣ್ಣಿಗೆ ಕಾಣುತ್ತದೆ. ಕೆನೆ ಸವರಿದ ಕೇಕು, ಕೋಳಿ ಸಾರು, ಪನೀರಿನ ಪಲ್ಯಗಳಾದರೋ ಹೊರಗಿಟ್ಟ ಕೆಲವೇ ಗಂಟೆಗಳಲ್ಲಿ, ರುಚಿಯಾಗಲಿ ವಾಸನೆಯಾಗಲಿ ಬದಲಾಗದೆ, ಅಪಾಯಕಾರಿಯಾಗಬಲ್ಲವು. ಇವೆಲ್ಲಕ್ಕೂ ಒಂದೇ ನೋಂದಣಿ ಪತ್ರ ಸಾಕು. ಹಾಲಿಗೂ ಮಾಂಸಕ್ಕೂ ಬೇರೆ ಮಿತಿಗಳಿವೆಯಾದರೂ ಅವು ಕೂಡ ಪರಿಮಾಣದ ಮಿತಿಗಳೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 2012ರ ಕಾನೂನು ಆದಾಯಕ್ಕೆ ಮಿತಿ ಹಾಕಿದರೂ, ಮನೆಯಲ್ಲಿ ಮಾಡಿ ಮಾರಬಹುದಾದ ನಿರಪಾಯಕರ ತಿನಿಸುಗಳ ಪಟ್ಟಿ ಕೊಟ್ಟು, ಕೆನೆ ಮತ್ತು ಮಾಂಸದ ಹೂರಣವುಳ್ಳವನ್ನು ಹೊರಗಿಟ್ಟಿತು.

ಅಡುಗೆಮನೆಗೆ ಕಾನೂನು ಕಾಲಿಡಲೇಬಾರದೆಂಬ ವಾದಕ್ಕೂ ತೂಕವಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಅಂಥ ಊರಿನಲ್ಲಿ ಸಂಬಳ ತಪ್ಪಿದ ಮನೆಗೆ ಚಟ್ನಿಪುಡಿಯ ಗಳಿಕೆಯೂ ಆಸರೆಯಾಗಬಲ್ಲದು, ಅದರ ಮೇಲೆ ಕಾಗದಪತ್ರಗಳ ಹೊರೆ ಹೇರುವುದು ನಿರ್ದಯತೆ. ಆದರೆ ನೆರೆಹೊರೆಯ ನಂಬಿಕೆ ಮಾಡಿದವರ ಮನೆಯನ್ನು ಬಲ್ಲವರಿಗಷ್ಟೇ ಕೆಲಸಕ್ಕೆ ಬರುತ್ತದೆ. ಬಸ್ಸು ಹತ್ತಿ ಬೆಂಗಳೂರಿಗೆ ಹೋದ ಬಾಟಲಿಯನ್ನು ಕೊಳ್ಳುವವರಿಗೆ ಚೀಟಿಯ ಮೇಲಿನ 14 ಅಂಕಿಗಳ ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ ಮತ್ತು ಸಾಮಗ್ರಿಗಳ ವಿವರವಷ್ಟೇ ಪರಿಚಯ.

ಆದ್ದರಿಂದ ಉಪ್ಪಿನಕಾಯಿ, ಹಪ್ಪಳ, ಪುಡಿಗಳಿಗೆ ನೋಂದಣಿಯೂ ಪ್ರಾಮಾಣಿಕ ಚೀಟಿಯೂ ಸಾಕೆಂದು ಬಿಟ್ಟು, ಬೇಗ ಕೆಡುವ ಅಡುಗೆಗೆ ಮಾತ್ರ ನೀರಿನ ಪರೀಕ್ಷೆಯನ್ನೂ ತಣ್ಣಗಿಡುವ ವ್ಯವಸ್ಥೆಯ ತಪಾಸಣೆಯನ್ನೂ ಕಡ್ಡಾಯಗೊಳಿಸುವುದು ಹೆಚ್ಚು ನ್ಯಾಯ. ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕೆಂದು ನಿಯಮ ಈಗಲೂ ಹೇಳುತ್ತದೆ. ಕೊಳವೆಬಾವಿಯನ್ನೇ ನಂಬಿದ ಮನೆಯ ನೀರಿನ ಪರೀಕ್ಷೆಯ ವೆಚ್ಚವನ್ನು, 100 ರೂಪಾಯಿಯ ಶುಲ್ಕದಲ್ಲಿ ಅದು ಹುಟ್ಟುವಂತಿಲ್ಲವಾದ್ದರಿಂದ, ಸರ್ಕಾರವೇ ಭರಿಸಬೇಕಾಗುತ್ತದೆ.