ಕೋಳಿ ಸತ್ತ ಸುದ್ದಿ

2025ರ ಮಾರ್ಚ್ ತಿಂಗಳ ಮೊದಲ ಭಾನುವಾರ. ಚೀಲ ಹಿಡಿದು ಹೊರಟ ನನ್ನನ್ನು ಮನೆಯಾಕೆ ಬಾಗಿಲಲ್ಲಿಯೇ ತಡೆದು, “ಇವತ್ತು ಮೊಟ್ಟೆ ತರಬೇಡಿ” ಎಂದು ಅಪ್ಪಣೆ ಮಾಡಿದಳು. ಅದಕ್ಕೆ ಕಾರಣವಿತ್ತು. ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳು ಸತ್ತಿದ್ದವು. ಅದು ಹಕ್ಕಿಜ್ವರವೆಂದು ಭೋಪಾಲದ ಪ್ರಯೋಗಾಲಯವು ದೃಢಪಡಿಸಿತ್ತು. ಸುತ್ತಲಿನ ನೂರಾರು ಕೋಳಿಗಳನ್ನು ಕೊಂದು ಹೂಳಿದ್ದರು.

ವಾಚಕರೇ, ಚೆನ್ನಾಗಿ ಬೆಂದ ಮೊಟ್ಟೆಗೆ ಅಂಜಬೇಕಾಗಿಲ್ಲ. 70 ಡಿಗ್ರಿ ಶಾಖ ಒಳಗಿನವರೆಗೂ ಮುಟ್ಟಿದರೆ ಈ ವೈರಾಣು ಉಳಿಯದು. ಅಪಾಯವಿರುವುದು ರೋಗದ ಕೋಳಿಯನ್ನು ಬರಿಗೈಯಲ್ಲಿ ಎತ್ತುವವರಿಗೆ, ಅದರ ಪುಕ್ಕ ತರಿಯುವವರಿಗೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ಇದು ತಗುಲಿ, 6 ಮಂದಿ ತೀರಿಕೊಂಡರು. ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವ ಶಕ್ತಿ ಇದಕ್ಕೆ ಇನ್ನೂ ಬಂದಿಲ್ಲ. ಅಂಥ ಶಕ್ತಿಯುಳ್ಳ ಇನ್ಫ್ಲುಯೆಂಜಾ 1918ರಲ್ಲಿ ನಮ್ಮ ದೇಶವೊಂದರಲ್ಲಿಯೇ ಕೋಟಿಗೂ ಮಿಕ್ಕಿ ಜೀವಗಳನ್ನು ಒಯ್ದಿತೆಂದು ಅಂದಾಜು.

ಹಾಗಾದರೆ ಕಾವಲು ಎಲ್ಲಿರಬೇಕು? ಮರುದಿನ ತರಗತಿಯಲ್ಲಿ ಕೇಳಿದೆ: “ನಿಮ್ಮ ಮನೆಯಲ್ಲಿ ಕೋಳಿ ಸತ್ತರೆ ಏನು ಮಾಡುತ್ತೀರಿ?” ಗೌರಿಬಿದನೂರಿನ ಹುಡುಗ ನಕ್ಕು, “ತಿಪ್ಪೆಗೆ ಎಸೆಯುತ್ತೇವೆ, ಸಾರ್” ಎಂದ. ಚಿಂತಾಮಣಿಯ ಹುಡುಗ ಸಂಕೋಚದಿಂದ, “ಉಳಿದವನ್ನು ಬೇಗ ಮಾರಿಬಿಡುತ್ತೇವೆ” ಎಂದ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮಗಳು ಮಾತ್ರ, “ಹುಳುವಿಗೆ ರೋಗ ಬಂದರೆ ಹಾಗೆ ಬಿಡುವುದಿಲ್ಲ ಸಾರ್. ರೋಗದ ಹುಳುಗಳನ್ನು ಆರಿಸಿ ತೆಗೆಯದಿದ್ದರೆ ಬೆಳೆಯೆಲ್ಲ ಹೋಗುತ್ತದೆ” ಎಂದಳು.

ಚಿಂತಾಮಣಿಯ ಹುಡುಗನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಹಿತ್ತಿಲಲ್ಲಿ ಹತ್ತು ಕೋಳಿ ಸಾಕಿದ ತಾಯಿಗೆ ಅದೇ ಗಂಟು, ಅದೇ ಮಗನ ಫೀಜು. ಎರಡು ಸತ್ತವೆಂದು ಪಶುವೈದ್ಯರಿಗೆ ತಿಳಿಸಿದರೆ ಉಳಿದ ಎಂಟೂ ಹೋಗಬಹುದು. ನೆರೆಯವರ ಕೋಳಿಗಳೂ ಹೋಗಿ, ಬೀದಿಯ ಶಾಪವೆಲ್ಲ ಆಕೆಯ ತಲೆಗೆ. ರೋಗ ತಡೆಯಲೆಂದು ಕೊಂದ ಕೋಳಿಗೆ ಸರಕಾರ ಪರಿಹಾರ ಕೊಡುತ್ತದೆ. ಅದಕ್ಕೆ ಮೊದಲೇ ಸತ್ತದ್ದಕ್ಕೆ ಕೊಡುವುದಿಲ್ಲ. ಆದುದರಿಂದ ಬೇಗ ತಿಳಿಸಿದಷ್ಟೂ ಆಕೆಗೆ ಲಾಭವೇ. ಆದರೆ ಈ ಮಾತು ಆಕೆಯ ಕಿವಿಗೆ ಮೊದಲೇ ಬಿದ್ದಿರಬೇಕು, ಹಣವೂ ತಡವಿಲ್ಲದೆ ಕೈಸೇರಬೇಕು. ನಿಜ ಹೇಳಿದವಳು ನಷ್ಟಪಟ್ಟರೆ ಮುಂದಿನ ಸಲ ಊರೇ ಮೌನವಾಗುವುದು. ಆಮೇಲೆ ನಮ್ಮ ಆಸ್ಪತ್ರೆಗಳು ಎಷ್ಟು ದೊಡ್ಡವಾಗಿದ್ದರೇನು?

ಮುಂದಿನ ಭಾನುವಾರ ಮೊಟ್ಟೆ ತಂದೆ. ಮನೆಯಾಕೆ ಅವನ್ನು ಕಲ್ಲಾಗುವಷ್ಟು ಬೇಯಿಸಿದಳು. ನಾನು ಮರುಮಾತಾಡದೆ ತಿಂದೆ.